ಒಂದೇ ಹಾಡಿನ ನಲವತ್ತೆರಡು ಸೀಡಿಗಳು

ನಾನು ಕೆಲಸ ಮಾಡುತ್ತಿದ್ದ ಆಫೀಸಿಗೆ ಒಂದು ಸೋಮವಾರ ಬೆಳಗ್ಗೆ ಪಾರ್ಸೆಲ್ ಕೌಂಟರಿನಿಂದ ಫೋನ್ ಬಂತು. ನಮ್ಮ ಜಪಾನಿ ಮ್ಯಾನೇಜರರ ಹೆಸರಿಗೆ ಒಂದು ಪೆಟ್ಟಿಗೆ ಬಂದಿದೆಯಂತೆ. ಅದನ್ನು ಬಿಡಿಸಿಕೊಳ್ಳಲು ಅವರೇ ಬರಬೇಕಂತೆ. ಯಾಕೆಂದರೆ ಒಳಗಿರುವುದು ನಲವತ್ತೆರಡು ಸೀಡಿ, ನಲವತ್ತೆರಡೂ ಒಂದೇ.

"ಒಂದೇ ಅಂದ್ರೆ?" ಎಂದು ಕೇಳಿದೆ.

"ಸೇಮ್ ಸೇಮ್, ಮೇಡಂ," ಎಂದಿತು ಆ ಕಡೆಯ ದನಿ. "ಆಲ್ ಸೇಮ್."

ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ಮರುವರ್ಷ ಅದು. ನಾನು ಅಲ್ಲಿನ ಬಡಾವಣೆ ಅಲ್ ಸದ್ದ್‌ನಲ್ಲಿದ್ದ ಒಂದು ಜಪಾನಿ ಕಾಂಟ್ರಾಕ್ಟ್ ಕಂಪೆನಿಯಲ್ಲಿ ಸೆಕ್ರೆಟರಿ. ಗ್ಯಾಸ್ ಸ್ಥಾವರಕ್ಕೆ ಪೈಪು, ವಾಲ್ವು ಜೋಡಿಸುವ ಕೆಲಸ ಕಂಪೆನಿಯದ್ದು. ಆ ಪೈಪು, ವಾಲ್ವುಗಳ ಕಾಗದಗಳನ್ನು ಫೈಲಿಗೆ ಜೋಡಿಸುವ ಕೆಲಸ ನನ್ನದು. ಮನೆ ಆಫೀಸಿನಿಂದ ಹತ್ತು ನಿಮಿಷದ ನಡಿಗೆ. ಗಂಡ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿದ್ದರು, ಮಗಳು ಒಂದನೇ ಕ್ಲಾಸಿನಲ್ಲಿದ್ದಳು.

ಮ್ಯಾನೇಜರರ ಬಗ್ಗೆ ಹೇಳಬೇಕು. ಐವತ್ತು ದಾಟಿದ ತೆಳ್ಳಗಿನ ಮನುಷ್ಯ. ಮೇಜಿನ ಮೇಲೆ ಆರು ಪೆನ್ಸಿಲು, ಆರೂ ಒಂದೇ ಉದ್ದ. ಒಂದು ಸವೆದು ಗಿಡ್ಡವಾದರೆ ಉಳಿದ ಐದನ್ನೂ ಕೆತ್ತಿ ಅದರ ಸಮಕ್ಕೆ ತರುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಊಟದ ಡಬ್ಬಿಯ ಮುಚ್ಚಳ ತೆಗೆದರೆ ಹನ್ನೆರಡೂ ಕಾಲಿಗೆ ಮುಚ್ಚಿ ಆಗಿರುತ್ತಿತ್ತು. ಮೂರು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಎರಡು ಸಲ ನೋಡಿದ್ದೆ. ಎರಡನೆಯದ್ದು ಸೀನು ಇರಬಹುದು ಎಂದು ಈಗಲೂ ಅನುಮಾನ.

ಇಂಥವರ ಹೆಸರಿಗೆ ಹಾಡಿನ ನಲವತ್ತೆರಡು ಸೀಡಿ! ನಾನು ಹೋಗಿ ವಿಷಯ ತಿಳಿಸಿದೆ. ಅವರ ಕಿವಿ ಮೊದಲು ಕೆಂಪಾಯಿತು, ಆಮೇಲೆ ಮುಖ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

"ಸಮಸ್ಯೆ ನನ್ನ ತಾಯಿ," ಎಂದರು.

ಆಮೇಲೆ ಬಿಳಿ ಬೋರ್ಡಿನ ಮುಂದೆ ನಿಂತು, ಪೈಪ್‌ಲೈನ್ ವಿವರಿಸುವ ಅದೇ ದನಿಯಲ್ಲಿ, ಚೌಕ ಬಾಣಗಳನ್ನು ಬರೆದು ನನಗೆ ಜಪಾನಿನ ಹಾಡುಗಳ ವ್ಯವಹಾರ ವಿವರಿಸಿದರು. ಅಲ್ಲಿ ಒಂದೊಂದೇ ಹಾಡನ್ನು ಒಂದೊಂದು ಸೀಡಿಯಾಗಿ ಮಾರುತ್ತಾರೆ, ಜೊತೆಗೆ ಹೆಚ್ಚೆಂದರೆ ಇನ್ನೊಂದು ಹಾಡು. ಹೊಸದು ಬುಧವಾರ ಬಿಡುಗಡೆ. ಆ ವಾರ ಎಷ್ಟು ಮಾರಾಟವಾಯಿತು ಎಂದು ಲೆಕ್ಕ ಹಾಕಿ ಮುಂದಿನ ಮಂಗಳವಾರ ಪಟ್ಟಿ ಪ್ರಕಟಿಸುತ್ತಾರೆ. ಯಾರು ಮೊದಲನೆಯವರು, ಯಾರು ಎರಡನೆಯವರು ಎಂದು ಇಡೀ ದೇಶ ನೋಡುತ್ತದೆ. ತಮ್ಮವರು ಮೊದಲು ಬರಲಿ ಎಂದು ಅಭಿಮಾನಿಗಳು ಅದೇ ಸೀಡಿಯನ್ನು ಎರಡು, ಮೂರು, ಹತ್ತು ಕೊಳ್ಳುತ್ತಾರೆ. ಅವರಿಗೆ ಅನುಕೂಲವಾಗಲಿ ಎಂದೇ ಕಂಪೆನಿಯವರು ಒಂದೇ ಹಾಡನ್ನು ಮೂರು ಬಗೆಯ ಹೊದಿಕೆಯಲ್ಲಿ ತರುತ್ತಾರೆ.

"ಹೀಗೆ ಕೊಳ್ಳುವವರೆಲ್ಲ ಹದಿನಾರು ವರ್ಷದ ಹುಡುಗಿಯರು," ಎಂದರು. "ನನ್ನ ತಾಯಿಗೆ ಎಪ್ಪತ್ತಮೂರು."

ತಾಯಿ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದವರು. ಸಮುದ್ರದ ಪಕ್ಕದ ಸಣ್ಣ ಊರು. ಗಂಡ ತೀರಿಕೊಂಡ ವರ್ಷ, ಟಿ.ವಿ. ಹಾಕಿದವರಿಗೆ ಐದು ಜನ ಹುಡುಗರ ಒಂದು ತಂಡ ಹಾಡಿ ಕುಣಿಯುವುದು ಕಂಡಿತು. ಅಂದಿನಿಂದ ಶುರು. ಈಗ ಊರಿನಲ್ಲಿ ಇನ್ನೂ ಮೂವರು ಹೆಂಗಸರನ್ನು ಸೇರಿಸಿಕೊಂಡು ಸಂಘ ಕಟ್ಟಿದ್ದಾರೆ. ಬಿಡುಗಡೆಯ ದಿನ ಸೈಕಲ್ ಹತ್ತಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ. ಒಂದೇ ಅಂಗಡಿಯಲ್ಲಿ ಎಲ್ಲ ಕೊಂಡರೆ ಉಳಿದ ಅಂಗಡಿಯವರಿಗೆ ಬೇಜಾರಾಗುತ್ತದಂತೆ. ಈ ಸಲ ಐದು ಹುಡುಗರ ಹಾಡು ಬಂದ ದಿನವೇ ಒಬ್ಬಳು ದೊಡ್ಡ ಗಾಯಕಿಯ ಹಾಡೂ ಬಂದಿತ್ತು. ಪೈಪೋಟಿ ಜೋರು. ಆದ್ದರಿಂದ ಒಂದೊಂದು ಹೊದಿಕೆಯದ್ದು ಹದಿನಾಲ್ಕರಂತೆ ನಲವತ್ತೆರಡು. ಮನೆಯಲ್ಲಿಡಲು ಜಾಗವಿಲ್ಲದೆ ಮಗನಿಗೆ ಕಳಿಸಿದ್ದರು.

ಹಿಂದಿನ ಸಲವೇ ಇದನ್ನೆಲ್ಲ ನಿಲ್ಲಿಸಿ ಎಂದು ಮಗ ಫೋನಿನಲ್ಲಿ ಗದರಿಸಿದ್ದರಂತೆ. ಪೆಟ್ಟಿಗೆ ಕಳಿಸಿದ ದಿನ ತಾಯಿ ಅದಕ್ಕೆ ಉತ್ತರ ಬರೆದಿದ್ದರು. ಮ್ಯಾನೇಜರ್ ಆ ಇ-ಮೇಲನ್ನು ನನಗೆ ಅನುವಾದ ಮಾಡಿ ಹೇಳಿದರು: "ನನ್ನ ಮಾತನ್ನಂತೂ ಕೇಳುವುದಿಲ್ಲ. ಇದನ್ನಾದರೂ ಕೇಳು."

ನನಗೆ ನಗು ತಡೆಯಲು ಕೆನ್ನೆ ಕಚ್ಚಿಕೊಳ್ಳಬೇಕಾಯಿತು.

ಪಾರ್ಸೆಲ್ ಕೌಂಟರಿಗೆ ಮೂವರು ಹೋದೆವು: ಮ್ಯಾನೇಜರ್, ನಾನು, ಮತ್ತು ನಮ್ಮ ಕಾಕ. ಕಾಕ ಆಫೀಸಿನ ಡ್ರೈವರು. ಉಳ್ಳಾಲದ ಬ್ಯಾರಿಯವರು, ಇಪ್ಪತ್ತೈದು ವರ್ಷದಿಂದ ಕತಾರಿನಲ್ಲಿದ್ದವರು, ಅರಬ್ಬಿಯನ್ನು ಅರಬರಿಗಿಂತ ಜೋರಾಗಿ ಮಾತಾಡುತ್ತಿದ್ದವರು. ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ಜಪಾನಿಯರು ಗೌರವಕ್ಕೆ ಹಿಂದೊಂದು ಬಾಲ ಸೇರಿಸಿ "ಕಾಕಾ-ಸಾನ್" ಎನ್ನುತ್ತಿದ್ದರು.

ದಾರಿಯಲ್ಲಿ ನಾನು ಕನ್ನಡದಲ್ಲಿ ಕಾಕನಿಗೆ ವಿಷಯ ಹೇಳಿದೆ.

"ಎಂತ ಅಕ್ಕ, ಒಂದೇ ಹಾಡು ನಲ್ವತ್ತೆರಡು ಸಲ ತಕ್ಕೊಳ್ಳುದಾ?" ಕಾಕ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದರು. ಮ್ಯಾನೇಜರ್ ಕಿಟಕಿಯ ಹೊರಗೆ ನೋಡುತ್ತಿದ್ದರು. "ಒಂದು ತಕ್ಕೊಂಡು ನಲ್ವತ್ತೆರಡು ಸಲ ಕೇಳಿದ್ರೆ ಆಗುದಿಲ್ವಾ?"

"ಹಾಗೆ ಕೇಳಿದ್ರೆ ನಂಬರ್ ಒನ್ ಆಗುದಿಲ್ಲ, ಕಾಕ."

"ಆಗ್ಲಿ ಆಗ್ಲಿ. ಮಕ್ಕಳು ದೂರ ಹೋದ್ರೆ ಹೆತ್ತವರು ಏನಾದ್ರೂ ಹಚ್ಚಿಕೊಳ್ತಾರೆ. ಮದ್ದಿಗಿಂತ ಹಾಡು ಒಳ್ಳೇದು."

ಕೌಂಟರಿನ ಅಧಿಕಾರಿ ಚಿಕ್ಕ ವಯಸ್ಸಿನ ಕತಾರಿ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಬಹಳ ಮರ್ಯಾದಸ್ಥ. ಪೆಟ್ಟಿಗೆ ತೆರೆದು ಒಂದೊಂದೇ ಸೀಡಿಯನ್ನು ಮೇಜಿನ ಮೇಲೆ ಇಟ್ಟರು. ಕಣ್ಣಿನ ಮೇಲೆ ಕೂದಲು ಬಿಟ್ಟುಕೊಂಡ ಐದು ಹುಡುಗರು ನಲವತ್ತೆರಡು ಕಡೆಯಿಂದ ನಮ್ಮನ್ನು ನೋಡಿದರು.

"ಅಂಗಡಿ ಇಡುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ," ಎಂದರು ಮ್ಯಾನೇಜರ್.

ಅಧಿಕಾರಿ ಎರಡು ಸೀಡಿಗಳನ್ನು ಪಕ್ಕಪಕ್ಕ ಹಿಡಿದರು. "ಇದರ ಕವರು ಬೇರೆ." ಅವರ ಮುಖದಲ್ಲಿ ಸ್ವಲ್ಪ ಆಸೆ ಮೂಡಿತು. "ಹಾಗಾದರೆ ಹಾಡೂ ಬೇರೆಯಾ?"

ಮ್ಯಾನೇಜರ್ ಸುಳ್ಳು ಹೇಳುವವರಲ್ಲ. "ಹಾಡು ಒಂದೇ," ಎಂದರು. ಆಮೇಲೆ ಪೂರ್ತಿ ಸತ್ಯ ಹೇಳಿಬಿಡುವ ಉತ್ಸಾಹದಲ್ಲಿ, "ಇದು ನಂಬರ್ ಒನ್ ಆಗುವುದಕ್ಕಾಗಿ," ಎಂದು ಸೇರಿಸಿದರು.

"ಯಾರು ನಂಬರ್ ಒನ್?"

ಇಲ್ಲಿ ಕಾಕ ಬಾಯಿ ಹಾಕಿದರು. ಅವರು ಅರಬ್ಬಿಯಲ್ಲಿ ಏನು ಹೇಳಿದರೋ ನನಗೆ ಪೂರ್ತಿ ತಿಳಿಯಲಿಲ್ಲ. 'ಉಮ್' ಎಂಬ ಮಾತು ಮಾತ್ರ ನಾಲ್ಕೈದು ಸಲ ಕೇಳಿಸಿತು. ತಾಯಿ ಎಂದು ಅರ್ಥ. ಸೈಕಲ್ ತುಳಿದು ತೋರಿಸಿದರು. ಕಣ್ಣನ್ನೂ ಒಂದು ಸಲ ಒರೆಸಿಕೊಂಡರು. ಅಧಿಕಾರಿಯ ಮುಖ ಮೆತ್ತಗಾಯಿತು. ಮ್ಯಾನೇಜರನ್ನು ನೋಡಿ, "ತಾಯಿ ಕಳಿಸಿದ್ದಾ?" ಎಂದರು.

"ಹೌದು."

"ಆದರೆ ನಿಯಮ ಇದೆ. ಒಬ್ಬರಿಗೆ ಇಷ್ಟು ಯಾಕೆ?"

ಆಗ ನನ್ನ ಬಾಯಿಯಿಂದ ಹೇಗೆ ಬಂತೋ ಗೊತ್ತಿಲ್ಲ. "ಒಬ್ಬರಿಗಲ್ಲ ಸರ್, ಸ್ಟಾಫ್ ಗಿಫ್ಟ್. ನಮ್ಮ ಆಫೀಸಿನಲ್ಲಿ ನಲವತ್ತೆರಡು ಜನ."

ನಮ್ಮ ಆಫೀಸಿನಲ್ಲಿ ಇದ್ದದ್ದು ಮೂವತ್ತೊಂದು ಜನ. ಮ್ಯಾನೇಜರ್ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಸೀಡಿಯ ಹುಡುಗರನ್ನು ಎಣಿಸುವವಳ ಹಾಗೆ ತಲೆ ತಗ್ಗಿಸಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹೊರಗಿನಿಂದ ಬಂದ ಸೀಡಿಯಲ್ಲಿ ಆಕ್ಷೇಪದ ಸಂಗತಿ ಏನಾದರೂ ಇದೆಯೇ ಎಂದು ಪರೀಕ್ಷಿಸಬೇಕಿತ್ತು. ಅಧಿಕಾರಿ ಮೇಜಿನ ಕೆಳಗಿನಿಂದ ಒಂದು ಪ್ಲೇಯರ್ ತೆಗೆದು ಮೊದಲ ಸೀಡಿ ಹಾಕಿದರು. ಗಿಟಾರು, ಡ್ರಮ್ಮು, ಐದು ಜನರ ಒಕ್ಕೊರಲು. ಪೂರ್ತಿ ಕೇಳಿದರು. ತೆಗೆದಿಟ್ಟು ಎರಡನೆಯದನ್ನು ಹಾಕಿದರು. ಅದೇ ಗಿಟಾರು, ಅದೇ ಡ್ರಮ್ಮು. ಪೂರ್ತಿ ಕೇಳಿದರು. ಮೂರನೆಯದು. ಸಾಲಿನಲ್ಲಿ ನಮ್ಮ ಹಿಂದಿದ್ದ ಫಿಲಿಪ್ಪೀನಿ ಹೆಂಗಸು ಕಾಲಿನಲ್ಲಿ ತಾಳ ಹಾಕತೊಡಗಿದಳು. ನಾಲ್ಕನೆಯದರಲ್ಲಿ ಚಹಾ ತಂದವನು ಲೋಟ ಇಟ್ಟು ಹೋಗುತ್ತ ಪಲ್ಲವಿ ಗುನುಗಿದ. ಐದನೆಯದು ಅರ್ಧ ಆಗುವಾಗ ಅಧಿಕಾರಿ ತಾನೇ ಬೆರಳಿನಿಂದ ಮೇಜು ಬಡಿಯುತ್ತಿದ್ದುದನ್ನು ಗಮನಿಸಿ ಕೈ ಹಿಂದೆ ತೆಗೆದುಕೊಂಡರು.

"ಖಲಾಸ್," ಎಂದರು. "ತೆಗೆದುಕೊಂಡು ಹೋಗಿ. ನಿಮ್ಮ ತಾಯಿಗೆ ನನ್ನ ಸಲಾಂ ಹೇಳಿ."

ಆಫೀಸು ತಲುಪಿ ಲಿಫ್ಟಿನಲ್ಲಿ ನಿಂತಾಗ ಮ್ಯಾನೇಜರ್ ಹೇಳಿದರು: "ನಲವತ್ತೆರಡು ಜನ ಎಂದು ಹೇಳಿದ್ದೀರಿ."

"ಸಾರಿ ಸರ್."

"ಸಾರಿ ಬೇಡ. ಅದನ್ನು ನಿಜ ಮಾಡಿ."

ಹೀಗೆ ನಾನು ಸೀಡಿ ಹಂಚಲು ಕೂತೆ. ಡ್ರಾಯಿಂಗು ಕಳಿಸುವಾಗ ಬಳಸುವ ರವಾನೆ ಚೀಟಿಯನ್ನೇ ತೆಗೆದು ಪ್ರತಿಯೊಬ್ಬರ ಹೆಸರು ಬರೆದು ಸಹಿ ಹಾಕಿಸಿಕೊಂಡೆ. ಚೀಟಿಯಲ್ಲಿ 'ಮಾಹಿತಿಗಾಗಿ', 'ಅನುಮೋದನೆಗಾಗಿ', 'ನಿರ್ಮಾಣಕ್ಕಾಗಿ' ಎಂದು ಮೂರು ಚೌಕ ಇರುತ್ತವೆ. ನಾನು ಮಾಹಿತಿಗಾಗಿ ಎಂಬಲ್ಲಿ ಗುರುತು ಹಾಕಿದೆ. ಮೂವತ್ತೊಂದು ಮುಗಿಯಿತು. ಉಳಿದ ಹನ್ನೊಂದಕ್ಕೆ 'ಆಫೀಸಿಗೆ ಸಂಬಂಧಪಟ್ಟವರು' ಎಂದು ಹೊಸ ಪಟ್ಟಿ ಮಾಡಬೇಕಾಯಿತು: ಕಟ್ಟಡದ ಕಾವಲುಗಾರ, ಕೆಳಗಿನ ಲಾಂಡ್ರಿಯವರು, ಬಿಸ್ಕತ್ತು ತರಿಸುವ ಕಿರಾಣಿ ಅಂಗಡಿಯ ಕಾಸರಗೋಡಿನವರು, ಕರ್ಟನ್ ಹೊಲಿದುಕೊಟ್ಟ ದರ್ಜಿ, ಹೀಗೆ. ಕೊನೆಗೆ ಒಂದು ಉಳಿಯಿತು. ಅದಕ್ಕೆ ನನ್ನ ಗಂಡನ ಹೆಸರು ಬರೆದೆ. ಸಂಬಂಧ ಎಂಬ ಕಡೆ 'ಮಳೆ ಬಂದಾಗ ಸೆಕ್ರೆಟರಿಯನ್ನು ಕರೆದುಕೊಂಡು ಹೋಗುವವರು' ಎಂದು ಹಾಕಿದೆ. ದೋಹಾದಲ್ಲಿ ಮಳೆ ಬರುವುದು ವರ್ಷಕ್ಕೆ ನಾಲ್ಕು ದಿನ. ಮ್ಯಾನೇಜರ್ ಓದಿ, ಒಂದು ಕ್ಷಣ ಯೋಚಿಸಿ, ಸಹಿ ಮಾಡಿದರು.

ಮರುದಿನ ಮಂಗಳವಾರ. ನಾನು ಬರುವಾಗ ಮ್ಯಾನೇಜರ್ ಆಗಲೇ ಕಂಪ್ಯೂಟರ್ ಮುಂದೆ ಇದ್ದರು. ಪರದೆಯ ತುಂಬ ಜಪಾನಿ ಅಕ್ಷರ. ನನ್ನನ್ನು ನೋಡಿ ಪಟ್ಟನೆ ವಾಲ್ವಿನ ಡ್ರಾಯಿಂಗು ತೆರೆದರು.

"ಏನಾಯ್ತು ಸರ್?"

"ಎರಡು," ಎಂದರು.

"ಎರಡನೇ ಸ್ಥಾನವಾ?"

"ಸಾವಿರಗಟ್ಟಲೆ ವ್ಯತ್ಯಾಸ. ನಲವತ್ತೆರಡು ಸೀಡಿಯಿಂದ ಏನೂ ಆಗುತ್ತಿರಲಿಲ್ಲ. ಇದನ್ನೇ ನಾನು ಮೊದಲಿನಿಂದ ಹೇಳುತ್ತಿದ್ದೇನೆ." ಅವರು ಫೋನೆತ್ತಿ ಜಪಾನಿಗೆ ಮಾಡಿದರು. ಬಹಳ ಹೊತ್ತು ರಿಂಗಾಯಿತು. ಇಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದರು. ಮೂರನೆಯ ಸಲ ಯಾರೋ ಎತ್ತಿದರು, ಪಕ್ಕದ ಮನೆಯ ಹೆಂಗಸಂತೆ. ತಾಯಿ ಹಾಸಿಗೆ ಹಿಡಿದಿದ್ದಾರೆ, ಜ್ವರ ಏನಿಲ್ಲ, ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದು ತಿಳಿಸಿದಳು. ಅವತ್ತು ಮ್ಯಾನೇಜರ್ ಊಟದ ಡಬ್ಬಿ ತೆರೆದದ್ದು ಒಂದು ಗಂಟೆಗೆ. ಆಫೀಸಿನಲ್ಲಿ ಇದು ದೊಡ್ಡ ಸುದ್ದಿಯಾಯಿತು.

ಎರಡು ದಿನ ಬಿಟ್ಟು ನನ್ನನ್ನು ಕರೆದು, "ತಾಯಿಗೆ ವೀಸಾ ಮಾಡಿಸಬೇಕು. ಹತ್ತು ದಿನಕ್ಕೆ ಇಲ್ಲಿಗೆ ಬರಲಿ," ಎಂದರು.

ವೀಸಾ ಆಗಿ ಅವರು ಬರುವುದಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟರೊಳಗೆ ಆ ಹಾಡು ಅಲ್ ಸದ್ದ್‌ನಲ್ಲಿ ಬೇರು ಬಿಟ್ಟಿತ್ತು. ಕಾರಣ ಏನೂ ದೊಡ್ಡದಲ್ಲ. ನಮ್ಮ ಕಡೆಯವರ ಹತ್ತಿರ ಇದ್ದದ್ದೆಲ್ಲ ಕ್ಯಾಸೆಟ್ಟು. ಹೊಸ ಕಾರುಗಳಿಗೆ ಬಂದದ್ದು ಸೀಡಿ ಪ್ಲೇಯರು. ನನ್ನ ಗಂಡ ಆಗಷ್ಟೇ ಕಾರು ಬದಲಾಯಿಸಿದ್ದರು, ಊರಿನಿಂದ ತಂದ ಯಕ್ಷಗಾನದ ಕ್ಯಾಸೆಟ್ಟುಗಳೆಲ್ಲ ಡಬ್ಬಿಯಲ್ಲಿ ಉಳಿದಿದ್ದವು. ಮನೆಯಲ್ಲಿದ್ದ ಒಂದೇ ಸೀಡಿ ಅದು. ಮೊದಲ ದಿನ ಬೈದರು. ಎರಡನೇ ವಾರ ಸಿಗ್ನಲಿನಲ್ಲಿ ತಲೆ ಅಲ್ಲಾಡಿಸಿದರು. ಮೂರನೇ ವಾರಕ್ಕೆ ಅವರಿಗೆ ಅದರಲ್ಲಿ ತುಳು ಕೇಳಿಸತೊಡಗಿತು.

"ಕೇಳು ಮಾರಾಯ್ತಿ, ಕೇಳು. 'ಇತ್ತೆ, ಇತ್ತೆ' ಹೇಳ್ತಾ ಇದ್ದಾರೆ. ಇವ್ರು ನಮ್ಮ ಊರಿನವ್ರೇ."

ಇತ್ತೆ ಎಂದರೆ ನಮ್ಮ ತುಳುವಿನಲ್ಲಿ ಈಗ. ನಿಜಕ್ಕೂ ಪಲ್ಲವಿಯ ಕೊನೆಗೆ ಐವರೂ ಸೇರಿ ಇತ್ತೆ ಇತ್ತೆ ಎಂದು ಕೂಗುತ್ತಿದ್ದರು. "ಎಂತದೋ ಅರ್ಜೆಂಟ್ ಉಂಟು ಅವ್ರಿಗೆ," ಎಂದು ಗಂಡ ತೀರ್ಮಾನಿಸಿದರು.

ಮಗಳು ಇಡೀ ಹಾಡು ಕಲಿಯಬೇಕೆಂದು ಹಟ ಹಿಡಿದಳು. ನಾನು ಕಾರಿನಲ್ಲಿ ಕೂತು, ನಿಲ್ಲಿಸಿ ನಿಲ್ಲಿಸಿ ಕೇಳಿ, ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಕನ್ನಡ ಓದಲು ದಿನಾ ಅಳುತ್ತಿದ್ದ ಹುಡುಗಿ ಜಪಾನಿ ಹಾಡಿಗಾಗಿ ಒತ್ತಕ್ಷರ ಕಲಿತಳು. ಆ ಹಾಳೆಯನ್ನು ಆಫೀಸಿಗೆ ಒಯ್ದು ಮ್ಯಾನೇಜರರ ಮುಂದೆ ಓದಿದೆ. ಅವರು ಪೆನ್ಸಿಲು ಕೆಳಗಿಟ್ಟರು.

"ನೀವು ಜಪಾನಿ ಯಾವಾಗ ಕಲಿತಿರಿ?"

"ಕಲಿಯಲಿಲ್ಲ ಸರ್. ಕೇಳಿದ ಹಾಗೆ ಬರೆದದ್ದು. ಇತ್ತೆ ಅಂದರೆ ಏನು?"

"ಹೋಗು, ಎಂದು ಅರ್ಥ. ಊರು ಬಿಟ್ಟು ಹೊರಟ ಗೆಳೆಯನಿಗೆ ಇವರು ಹೇಳುತ್ತಾರೆ. ಅಳದೆ ಹೋಗು, ಹೋಗು, ಎಂದು." ಅವರು ಕನ್ನಡಕ ತೆಗೆದು ಒರೆಸಿದರು. "ಸಾಮಾನ್ಯ ಹಾಡು," ಎಂದು ಸೇರಿಸಿದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಈಗ ಅಂತ್ಲೇ ಇರುದು. ಅವ್ರಿಗೆ ಸರಿ ಗೊತ್ತಿಲ್ಲ."

ಚಳಿ ಶುರುವಾದ ಮೇಲೆ ತಾಯಿ ಬಂದಿಳಿದರು. ಅಗಲ ಅಂಚಿನ ಟೋಪಿ, ಕೈಗೆ ಬಿಳಿ ಗವಸು, ನನ್ನ ಭುಜಕ್ಕೆ ಬರುವಷ್ಟು ಎತ್ತರ. ಮೊಬೈಲಿಗೆ ಕಟ್ಟಿದ ದಾರದಲ್ಲಿ ಐದು ಹುಡುಗರ ಸಣ್ಣ ಗೊಂಬೆಗಳು ತೂಗುತ್ತಿದ್ದವು. ಮಗನಿಗೆ ಮೀಟಿಂಗು ತಪ್ಪಿಸಲಾಗದ ದಿನ ಅವರನ್ನು ಸುತ್ತಾಡಿಸುವ ಕೆಲಸ ನನಗೂ ಕಾಕನಿಗೂ ಬಂತು. ನಮ್ಮ ನಡುವೆ ಇದ್ದದ್ದು ಅವರಿಗೆ ಬರುತ್ತಿದ್ದ ಹದಿನೈದು ಇಂಗ್ಲಿಷ್ ಶಬ್ದ, ನನಗೆ ಬರುತ್ತಿದ್ದ ಒಂದು ಜಪಾನಿ ಹಾಡು.

ಕಾಕ "ಬನ್ನಿ ಉಮ್ಮ" ಎಂದು ಹಿಂದಿನ ಬಾಗಿಲು ತೆಗೆದು ಕೂರಿಸಿ ಕಾರು ಶುರು ಮಾಡಿದರು. ಪ್ಲೇಯರಿನಲ್ಲಿ ಸೀಡಿ ಇದ್ದದ್ದು ಅವರಿಗೆ ಮರೆತೇಹೋಗಿತ್ತು. ಗಿಟಾರು, ಡ್ರಮ್ಮು, ಐವರ ಒಕ್ಕೊರಲು. ಕಾಕ ನಾಲಿಗೆ ಕಚ್ಚಿ ಬಂದ್ ಮಾಡಲು ಕೈ ಚಾಚಿದರು.

ಹಿಂದಿನಿಂದ ಬಿಳಿ ಗವಸಿನ ಕೈ ಬಂದು ಅವರ ತೋಳಿನ ಮೇಲೆ ಒಂದು ಪೆಟ್ಟು ಕೊಟ್ಟಿತು. ಕಾಕ ಕೈ ಹಿಂದೆ ತೆಗೆದುಕೊಂಡರು.

ಆಮೇಲೆ ನಡೆದದ್ದರಲ್ಲಿ ನಮ್ಮ ಪಿತೂರಿ ಏನೂ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳುತ್ತೇನೆ. ಅವರಿಗೆ ನೀರಿನ ಬಾಟಲಿ ಬೇಕಿತ್ತು. ಕಿರಾಣಿ ಅಂಗಡಿಗೆ ಹೋದೆವು. ಕಾಸರಗೋಡಿನವರು ತೂಕ ಮಾಡುತ್ತ ಅದೇ ಹಾಡು ಹಾಕಿಕೊಂಡಿದ್ದರು. ಮಗನ ಪ್ಯಾಂಟು ಉದ್ದ ಮಾಡಿಸಬೇಕಿತ್ತು. ದರ್ಜಿಯ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದಿನ ನಡುವೆ ಅದೇ ಹಾಡು. ಲಾಂಡ್ರಿಯವನ ಸೀಡಿ ಗೀರು ಬಿದ್ದು ಒಂದೇ ಕಡೆ ಇತ್ತೆ ಇತ್ತೆ ಇತ್ತೆ ಎನ್ನುತ್ತಿತ್ತು. ಅವನು ಅದೂ ಹಾಡಿನ ಭಾಗವೆಂದೇ ತಿಳಿದಿದ್ದ.

ತಾಯಿ ಬೀದಿಯ ಮಧ್ಯದಲ್ಲಿ ನಿಂತರು. ಕೈಯಲ್ಲಿ ನೀರಿನ ಬಾಟಲಿ. ನನ್ನನ್ನು ನೋಡಿದರು, ಕಾಕನನ್ನು ನೋಡಿದರು, ಒಂದು ಬೆರಳು ಮೇಲೆತ್ತಿದರು.

"ಕತಾರ್... ನಂಬರ್ ಒನ್?"

ನನಗಿಂತ ಮೊದಲೇ ಕಾಕ ಎದೆ ಉಬ್ಬಿಸಿ, "ನಂಬರ್ ಒನ್, ಉಮ್ಮ! ಫುಲ್ ಕತಾರ್! ನಂಬರ್ ಟೂ ಮಾಫಿ!" ಎಂದುಬಿಟ್ಟರು. ಎರಡನೆಯವರೇ ಇಲ್ಲ ಎಂದು ಅರ್ಥ.

ತಾಯಿ ಟೋಪಿ ತೆಗೆದರು. ಕಿರಾಣಿ ಅಂಗಡಿಗೆ, ದರ್ಜಿಗೆ, ಲಾಂಡ್ರಿಗೆ ಒಂದೊಂದು ಸಲ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಲಾಂಡ್ರಿಯವನು ಗಾಬರಿಯಾಗಿ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ವಾಪಸು ಬಗ್ಗಿದ.

"ಕಾಕ, ಸುಳ್ಳು ಯಾಕೆ ಹೇಳಿದ್ದು?" ಎಂದು ಮೆಲ್ಲನೆ ಕೇಳಿದೆ.

"ನಲ್ವತ್ತೆರಡು ಜನ ಅಂತ ಹೇಳಿದ್ದು ಯಾರು ಅಕ್ಕ?" ಎಂದರು ಕಾಕ.

ಗುರುವಾರ ಸಂಜೆ ತಾಯಿ ಮಗ ಇಬ್ಬರನ್ನೂ ಊಟಕ್ಕೆ ಕರೆದಿದ್ದೆವು. ನೀರುದೋಸೆ, ಕೋಳಿ ಪದಾರ್ಥ, ಅವರಿಗೆಂದು ಖಾರ ಕಡಿಮೆ ಮಾಡಿದ ಮೀನು. ಮಗಳು ಹೊಸ ಫ್ರಾಕ್ ತೊಟ್ಟು, ಬರೆದ ಹಾಳೆ ಹಿಡಿದು, ಸೋಫಾದ ಮೇಲೆ ಹತ್ತಿ ಮೊದಲಿನಿಂದ ಕೊನೆಯವರೆಗೆ ಹಾಡಿದಳು. ಇತ್ತೆ ಬಂದಾಗ ನನ್ನ ಗಂಡ ಅಡುಗೆ ಮನೆಯಿಂದಲೇ ದನಿ ಸೇರಿಸಿದರು. ತಾಯಿ ಎರಡು ಕಡೆ ಉಚ್ಚಾರ ತಿದ್ದಿದರು, ಕುಣಿಯುವಾಗ ಎಡಗೈ ಎಲ್ಲಿ ಹೋಗಬೇಕೆಂದು ಎದ್ದು ನಿಂತು ತೋರಿಸಿದರು. ಎಪ್ಪತ್ತಮೂರರ ಹೆಂಗಸು ನಮ್ಮ ಬಾಡಿಗೆ ಮನೆಯ ಕಾರ್ಪೆಟ್ಟಿನ ಮೇಲೆ ಹಗುರಾಗಿ ಒಂದು ಸುತ್ತು ತಿರುಗಿದರು. ಮ್ಯಾನೇಜರ್ ತಟ್ಟೆಯನ್ನು ನೋಡುತ್ತ ಕೂತಿದ್ದರು.

ಊಟದ ನಡುವೆ ತಾಯಿ ಮಗನಿಗೆ ಜೋರು ದನಿಯಲ್ಲಿ ಏನೋ ಹೇಳಿದರು. ಒಂದು ಬೆರಳು ಎತ್ತಿ, ಕಿಟಕಿಯ ಹೊರಗಿನ ಬೀದಿಯನ್ನು ತೋರಿಸಿದರು. ಮ್ಯಾನೇಜರ್ ನಿಧಾನವಾಗಿ ನನ್ನ ಕಡೆ ತಿರುಗಿದರು. ಪಾರ್ಸೆಲ್ ಕೌಂಟರಿನಲ್ಲಿ ತಿರುಗಿದ ಹಾಗೆಯೇ.

"ಕತಾರಿನಲ್ಲಿ ಹಾಡುಗಳ ಪಟ್ಟಿ ಪ್ರಕಟವಾಗುತ್ತದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನನಗೆ ಗೊತ್ತಿದ್ದ ಹಾಗೆ ಇಲ್ಲ ಸರ್."

"ಹಾಗಾದರೆ ನನ್ನ ತಾಯಿ ಹೇಳುತ್ತಿರುವುದು ಏನು?"

ನಾನು ನೀರುದೋಸೆಯನ್ನು ತಟ್ಟೆಯಲ್ಲಿ ಇನ್ನೊಂದು ಸಲ ಮಡಚಿದೆ. "ನಮ್ಮ ಬೀದಿಯಲ್ಲಿ ಮಾತ್ರ ಅದು ನಂಬರ್ ಒನ್ ಸರ್. ಬೀದಿಯಲ್ಲಿ ಸಂಶಯ ಇಲ್ಲ."

ಅವರು ಕೈ ಒರೆಸಿಕೊಂಡರು. ತಾಯಿಯ ಕಡೆ ತಿರುಗಿ ಜಪಾನಿಯಲ್ಲಿ ಮಾತಾಡತೊಡಗಿದರು. ಉದ್ದದ ಮಾತು. ಅವರ ದನಿ ಬಿಳಿ ಬೋರ್ಡಿನ ಮುಂದಿನ ದನಿಯೇ ಆಗಿತ್ತು. ಸತ್ಯ ಪೂರ್ತಿ ಹೇಳದೆ ಇವರಿಗೆ ನಿದ್ದೆ ಬರುವುದಿಲ್ಲ, ಮುಗಿಯಿತು, ಎಂದುಕೊಂಡು ನಾನು ಮಗಳ ತಟ್ಟೆಗೆ ಅವಳಿಗೆ ಬೇಡದ ಕೋಳಿ ಪದಾರ್ಥ ಬಡಿಸಿದೆ. ತಾಯಿ ತಲೆಯಾಡಿಸುತ್ತ ಕೇಳಿದರು. ಕೇಳಿ ಮುಗಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟು, ಭುಜ ಕುಲುಕಿಸಿ ನಕ್ಕರು. ಮಗನ ಬೆನ್ನಿಗೆ ಚಟಾರನೆ ಒಂದು ಏಟು ಕೊಟ್ಟು, ಇನ್ನೊಂದು ದೋಸೆ ಹಾಕಿಸಿಕೊಂಡರು.

ಹೊರಡುವಾಗ ಬಾಗಿಲ ಬಳಿ ನಾನು ಮ್ಯಾನೇಜರನ್ನು ಕೇಳಿದೆ, "ಅಮ್ಮನಿಗೆ ಏನು ಹೇಳಿದಿರಿ ಸರ್?"

"ಸಮೀಕ್ಷೆ ನಡೆದ ಪ್ರದೇಶ ಚಿಕ್ಕದು, ಆದರೆ ಫಲಿತಾಂಶ ಸರಿಯಾಗಿದೆ, ಎಂದೆ." ಬಗ್ಗಿ ಶೂಗಳ ದಾರ ಕಟ್ಟಿಕೊಂಡರು. "ಮತ್ತೆ, ನನ್ನ ಕಾರಿನಲ್ಲೂ ಅದೇ ಇದೆ ಎಂದೆ."

ಅದು ನಮಗ್ಯಾರಿಗೂ ಗೊತ್ತಿರಲಿಲ್ಲ.

ತಾಯಿ ವಾಪಸು ಹೋದರು. ಐದು ಹುಡುಗರ ಮುಂದಿನ ಹಾಡು ಮೊದಲ ಸ್ಥಾನಕ್ಕೆ ಬಂತು. ಆ ಮಂಗಳವಾರ ಆಫೀಸಿನ ಲ್ಯಾಂಡ್‌ಲೈನಿಗೆ ತಾಯಿಯೇ ಫೋನು ಮಾಡಿದರು. ಎತ್ತಿದ್ದು ನಾನು. "ಇಚಿಬಾನ್! ಇಚಿಬಾನ್!" ಎಂಬ ಕೂಗು, ಹಿಂದಿನಿಂದ ಇನ್ನೂ ಮೂರು ಮುದುಕಿಯರ ಚಪ್ಪಾಳೆ. ಒಂದನೆಯದು ಎಂಬುದಕ್ಕೆ ಜಪಾನಿಯಲ್ಲಿ ಹಾಗೆನ್ನುತ್ತಾರೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಆ ಸಲ ಅವರು ಎಷ್ಟು ಸೀಡಿ ಕೊಂಡಿದ್ದರೆಂದು ಮಗ ಕೇಳಲಿಲ್ಲ. ಪಾರ್ಸೆಲ್ ಮಾತ್ರ ಬರಲಿಲ್ಲ; ಸೀಡಿಗಳನ್ನೆಲ್ಲ ಊರಿನ ಆಸ್ಪತ್ರೆಯ ರೋಗಿಗಳಿಗೆ ಹಂಚಿದರಂತೆ.

ಒಂದು ದಿನ ಮ್ಯಾನೇಜರ್ ಕಾಗದಕ್ಕೆ ಸಹಿ ಹಾಕುತ್ತ, ತಲೆ ಎತ್ತದೆ, "ನಿಮ್ಮ ತಾಯಿಗೆ ಯಾವ ಹಾಡು ಇಷ್ಟ?" ಎಂದು ಕೇಳಿದರು.

ಅಮ್ಮನಿಗೆ ಯಾವ ಪಲ್ಯ ಇಷ್ಟ, ಯಾವ ಸೀರೆ ಇಷ್ಟ, ಯಾವ ನಾದಿನಿ ಇಷ್ಟವಿಲ್ಲ ಎಂಬುದೆಲ್ಲ ಗೊತ್ತಿತ್ತು. ಹಾಡು ಗೊತ್ತಿರಲಿಲ್ಲ.

ಆ ಶುಕ್ರವಾರ ಸುರತ್ಕಲ್ಲಿಗೆ ಫೋನು ಮಾಡಿದೆ. ಅಮ್ಮ ನನ್ನ ಅಣ್ಣನ ಸಂಸಾರದ ಜೊತೆ ಇದ್ದರು. ಸುತ್ತಿ ಬಳಸಿ ಕೇಳಿದೆ.

"ಹಾಡಾ?" ಅಮ್ಮನಿಗೆ ಆಶ್ಚರ್ಯ. "ನಂಗೆ ಹಾಡೆಲ್ಲ ಎಂತಕ್ಕೆ? ನಾನು ಕುಸ್ತಿ ನೋಡುದು."

"ಎಂತ ನೋಡುದು?"

"ಕುಸ್ತಿ ಮಾರಾಯ್ತಿ, ಟಿವಿಯಲ್ಲಿ. ಆ ದಡಿಯರೆಲ್ಲ ಒಬ್ಬರ ಮೇಲೊಬ್ಬರು ಬೀಳುದಿಲ್ವಾ? ಅದ್ರಲ್ಲಿ ಒಬ್ಬ ಕಪ್ಪು ಚಡ್ಡಿಯವನು ಇದ್ದಾನೆ, ಪಾಪದವ. ಮೊನ್ನೆ ಅವನಿಗೆ ಹಿಂದಿನಿಂದ ಕುರ್ಚಿಯಲ್ಲಿ ಹೊಡೆದ್ರು. ನಂಗೆ ಊಟವೇ ಸೇರ್ಲಿಲ್ಲ."

"ಎಷ್ಟು ಸಮಯದಿಂದ ನೋಡುದು ಅಮ್ಮ?"

"ನೀನು ಗಲ್ಫಿಗೆ ಹೋದಂದಿನಿಂದ. ನೀನು ಕೇಳ್ಲೇ ಇಲ್ಲಲ್ಲ."

ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಸಂಜೆ ಅಮ್ಮನ ಪಕ್ಕ ನೆಲದ ಮೇಲೆ ಕೂತು ಕುಸ್ತಿ ನೋಡಿದೆ. ಯಾರು ಒಳ್ಳೆಯವರು, ಯಾರು ಮೋಸಗಾರರು, ಯಾರ ಹೆಂಡತಿ ಯಾರ ಕಡೆ ಸೇರಿದ್ದಾಳೆ ಎಂದು ಅಮ್ಮ ಒಂದೊಂದೇ ವಿವರಿಸಿದರು. ಕಪ್ಪು ಚಡ್ಡಿಯವನು ಅಂಗಾತ ಬಿದ್ದಾಗ ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದುಕೊಂಡರು. "ಏಳ್ತಾನೆ, ನೋಡು," ಎಂದರು ನನಗೆ, ಕಣ್ಣು ಟಿ.ವಿ.ಯಿಂದ ತೆಗೆಯದೆ.